ಜಾರಿ ಬಿದ್ದದ್ದಲ್ಲ

ಭವ್ಯಶ್ರೀ ಕುದ್ರೋಳಿಯ ಡ್ರೈವಿಂಗ್ ಸ್ಕೂಲೊಂದರಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದಳು. ಐದು ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿನ ಮೆದುಳಿನೊಳಗೆ ನೀರು ಹೆಚ್ಚು ಕಾಣುತ್ತದೆ ಎಂದು ಬರೆದುಕೊಟ್ಟಾಗ, ಗಂಡ ಕೌಶಲ್‌ನ ಜೊತೆ ಕೊಡಿಯಾಲ್‌ಬೈಲಿನ ಡಾಕ್ಟರ್ ಬರ್ನಡೆಟ್ ಹತ್ತಿರ ಹೋದಳು. ಗರ್ಭದಲ್ಲಿರುವ ಮಕ್ಕಳ ಮೆದುಳು ನೋಡಿ ನೋಡಿ ಕಣ್ಣು ಪಳಗಿದವರು ಅವರು.

ಬರ್ನಡೆಟ್ ಮುಕ್ಕಾಲು ಗಂಟೆ ನೋಡಿದರು. ನಡುವೆ ಒಮ್ಮೆ, ಮಗು ತಲೆ ತಿರುಗಿಸಲಿ ಎಂದು, ಅವಳನ್ನು ವರಾಂಡದಲ್ಲಿ ನಡೆದಾಡಿ ಬರಲು ಕಳಿಸಿದರು. ಆಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿದರು.

"ಮೆದುಳು ಎಡ, ಬಲ ಅಂತ ಎರಡು ಭಾಗ ಆಗಬೇಕು. ಇಲ್ಲಿ ಆಗ್ಲಿಲ್ಲ. ಒಂದೇ ಉಂಟು, ನಡುವೆ ಗೆರೆ ಇಲ್ಲ."

"ನೀರು ಕಡಿಮೆ ಆದ್ರೆ?" ಕೌಶಲ್ ಕೇಳಿದ.

"ಬರೀ ನೀರು ಸ್ವಲ್ಪ ಹೆಚ್ಚಿದ್ರೆ ಕಾಯುವ ಅಂತ ನಾನೇ ಹೇಳ್ತಿದ್ದೆ. ಅಂಥ ಮಕ್ಕಳು ತುಂಬಾ ಜನ ಚೆನ್ನಾಗಿರ್ತಾರೆ. ಇದು ಹಾಗಲ್ಲ. ಜೀವ ಇಟ್ಟುಕೊಂಡು ಹುಟ್ಟಿದ್ರೂ ಕೆಲವು ಗಂಟೆ, ಕೆಲವು ದಿನ. ಅದಕ್ಕಿಂತ ಹೆಚ್ಚು ಅಪರೂಪ."

"ನಿಮಗೆ ತಪ್ಪಿರಬಹುದಾ?" ಭವ್ಯಶ್ರೀ ನೇರವಾಗಿ ಕೇಳಿದಳು.

"ಇರಬಹುದು. ಇನ್ನೊಬ್ಬರಿಗೆ ತೋರಿಸಿ. ನನ್ನ ರಿಪೋರ್ಟ್ ಅವರಿಗೆ ಮೊದಲೇ ಕೊಡ್ಬೇಡಿ."

ಇನ್ನೊಬ್ಬ ಡಾಕ್ಟರೂ ಏನನ್ನೂ ಓದದೆ ಅದೇ ಮಾತು ಹೇಳಿದರು. ಆಗ ಇಪ್ಪತ್ತೊಂದನೇ ವಾರ. ನಾಲ್ಕನೇ ದಿನ ಭವ್ಯಶ್ರೀ ಕೌಶಲ್‌ಗೆ, "ಬಸಿರು ನಿಲ್ಲಿಸುವ" ಎಂದಳು. ಅವನು ಅತ್ತ. ಆಮೇಲೆ ಹೂಂಗುಟ್ಟಿದ.

ಮಾವ ಲೋಕಯ್ಯನವರಿಗೆ ಸಿಟ್ಟು ಬಂತು. "ಮೆಶಿನ್ ಹೇಳಿದ್ದೆಲ್ಲ ಸತ್ಯವಾ? ದೈವಕ್ಕೆ ಹರಕೆ ಹೇಳಿ ಕಾಯುವ."

ಅತ್ತೆ ಮುದ್ದು ಅವರು ತರಕಾರಿ ಹೆಚ್ಚುತ್ತಾ, "ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಗುಂಡಿ ರೋಡಲ್ಲಿ ಕಾರು ಕುಣಿಸಿದ್ರೆ ಇನ್ನೆಂತ ಆಗ್ತದೆ?" ಎಂದರು.

"ಇದು ಆದದ್ದು ಮೊದಲ ಒಂದೆರಡು ತಿಂಗಳಲ್ಲೇ, ಅತ್ತೆ. ಕಾರಿನಿಂದ ಅಲ್ಲ, ಯಾರಿಂದಲೂ ಅಲ್ಲ. ಇಬ್ಬರು ಡಾಕ್ಟರು ನೋಡಿದ್ದಾರೆ, ನಾನೂ ನೋಡಿದ್ದೇನೆ. ನಾಳೆ ಅಡ್ಮಿಟ್ ಆಗ್ತೇನೆ."

ಲೋಕಯ್ಯ, "ಆಯ್ತು. ಜನರಲ್ಲಿ ಜಾರಿ ಬಿದ್ದದ್ದು ಅಂತ ಹೇಳುವ" ಎಂದರು. ಅವಳು ಆಸ್ಪತ್ರೆಗೆ ಬೇಕಾದ ಬಟ್ಟೆ ಮಡಚಲು ಒಳಗೆ ಹೋದಳು.

ಆಸ್ಪತ್ರೆಯಲ್ಲಿ ಹೆರಿಗೆಯ ನೋವೇ ಹದಿನಾಲ್ಕು ಗಂಟೆ. ಮಗುವನ್ನು ನೋಡುವುದುಂಟಾ ಎಂದು ನರ್ಸ್ ಕೇಳಿದಾಗ, "ಕೊಡಿ" ಎಂದು ಕೈ ಚಾಚಿದಳು.

ಎರಡು ತಿಂಗಳ ನಂತರ ತೊಕ್ಕೊಟ್ಟಿನಲ್ಲಿ ಲೋಕಯ್ಯನವರ ತಂಗಿಯ ಮನೆ ಒಕ್ಕಲು. ಚಪ್ಪರದಲ್ಲಿ ಊಟಕ್ಕೆ ಕೂತಾಗ ಮಗುವಿಗೆ ಏನಾಯಿತೆಂದು ಯಾರೋ ಕೇಳಿದರು. ಲೋಕಯ್ಯ, "ಬಾತ್‌ರೂಮಲ್ಲಿ ಜಾರಿ ಬಿದ್ದಳು" ಎಂದರು.

"ಸ್ವಲ್ಪ ಜಾಗ್ರತೆ ಮಾಡ್ಬೇಕಿತ್ತು ಮಾರಾಯ್ತಿ," ಎಂದರು ತಂಗಿ.

ಭವ್ಯಶ್ರೀ ಪಾಯಸದ ಲೋಟ ಕೆಳಗಿಟ್ಟಳು. "ನಾನು ಬೀಳ್ಲಿಲ್ಲ. ಮಗುವಿನ ಮೆದುಳು ಸರಿಯಾಗಿ ಆಗಿರ್ಲಿಲ್ಲ, ಬದುಕುವ ಹಾಗಿರ್ಲಿಲ್ಲ. ಎರಡು ಕಡೆ ಸ್ಕ್ಯಾನ್ ಮಾಡಿಸಿ, ಎಲ್ಲ ತಿಳಿದು, ನಾನೇ ನಿಲ್ಲಿಸಿದ್ದು."

"ಮನೆಯ ಮಾತು ಚಪ್ಪರದಲ್ಲಿ ಹೇಳುವುದಾ?" ಲೋಕಯ್ಯ ಎದ್ದರು.

"ಚಪ್ಪರದಲ್ಲಿ ಜಾರಿ ಬಿದ್ದಳು ಅಂತ ಹೇಳಿದ್ದು ನೀವು, ಮಾವ. ನನ್ನ ಮಗು ನನ್ನ ಅಜಾಗ್ರತೆಯಿಂದ ಹೋಯ್ತು ಅಂತ ಯಾರು ಹೇಳಿದ್ರೂ ನಾನು ಸುಮ್ಮನೆ ಕೂರುವುದಿಲ್ಲ."

ಲೋಕಯ್ಯ ಊಟ ಬಿಟ್ಟು ಬಸ್ಸು ಹಿಡಿದು ಹೋದರು. ಎದುರು ಸಾಲಿನಲ್ಲಿದ್ದ ಕೌಶಲ್ ತನ್ನ ಎಲೆ ಎತ್ತಿಕೊಂಡು ಬಂದು ಹೆಂಡತಿಯ ಪಕ್ಕ ಕೂತ.

ಹಿಂದಿರುಗುವಾಗ ನೇತ್ರಾವತಿ ಸೇತುವೆಯ ಮೇಲೆ ವಾಹನಗಳ ಸಾಲು ನಿಂತಿತ್ತು. ಭವ್ಯಶ್ರೀ ಸ್ಟಿಯರಿಂಗ್ ಹಿಡಿದಿದ್ದಳು. ಹಿಂದಿನ ಸೀಟಿನಿಂದ ಮುದ್ದು ಕೇಳಿದರು:

"ನೀನು ಅದನ್ನು ನೋಡಿದ್ದೀಯಾ?"

"ಎತ್ತಿಕೊಂಡಿದ್ದೇನೆ."

"ಎಂತ ಮಗು?"

"ಹೆಣ್ಣು."

ಮುದ್ದುವಿನ ದನಿ ಕುಗ್ಗಿತು. "ನನ್ನಲ್ಲಿ ಹೇಳ್ಲೇ ಇಲ್ಲ ನೀನು."

"ನೀವು ಕೇಳ್ಲಿಲ್ಲ, ಅತ್ತೆ. ಈಗ ಕೇಳಿ, ಹೇಳ್ತೇನೆ."

"ಹೇಗಿತ್ತು?"

"ಮುಖ ಸರಿ ಇರ್ಲಿಲ್ಲ. ಬೆರಳು ಮಾತ್ರ ಉದ್ದ, ನಿಮ್ಮ ಹಾಗೆ."

ಕುದ್ರೋಳಿಯ ಮನೆ ಮುಟ್ಟುವವರೆಗೆ ಮುದ್ದು ಕೇಳುತ್ತಲೇ ಇದ್ದರು. ಅವಳು ಒಂದನ್ನೂ ಮುಚ್ಚಿಡಲಿಲ್ಲ.

ಲೋಕಯ್ಯ ಸೊಸೆಯೊಡನೆ ಮತ್ತೆ ಮಾತಾಡಿದ್ದು ಕೆಲವು ತಿಂಗಳ ನಂತರ, ಕೃಷ್ಣಾಷ್ಟಮಿ ಕಳೆದ ಮೇಲೆ, ಅದೂ ಸ್ಕೂಟರಿನ ಕೀ ಎಲ್ಲಿ ಎಂದು ಕೇಳಲಿಕ್ಕೆ. ಅವಳು ತೆಗೆದುಕೊಟ್ಟಳು. ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಅವಳಂತೂ ಹೇಳಲೇ ಇಲ್ಲ.