ಭಾಗವಾಗದ ರೊಟ್ಟಿ

ವರನ ದೊಡ್ಡಪ್ಪ ಜೇವರ್ಗಿಯಿಂದ ಹಿರೋಳ್ಳಿಗೆ ಬಂದವನು ಚಹಾ ಮುಟ್ಟುವ ಮೊದಲೇ ಕರಾರು ಹಾಕಿದ.

"ಲಗ್ನಕ್ಕ ಸಾವಿರದ ಒಂದು ರೊಟ್ಟಿ ತರ್ರಿ. ಮ್ಯಾಲೊಂದು ಇದ್ರ ಯಾರಿಗೂ ಭಾಗ ಮಾಡಾಕ ಬರಂಗಿಲ್ಲ. ನಮ್ಮದು ಏಳು ಮಂದಿ ಅಣ್ತಮ್ಮಂದಿರ ಮನಿ, ಒಂದೇ ಒಲಿ. ಭಾಗದ ಲೆಕ್ಕ ಹೊಸ್ತಿಲು ದಾಟಬಾರದು."

ಆ ಒಂದೇ ಒಲೆಯ ಮಾತು ನಂಬಿಯೇ ಕಸ್ತೂರಿಬಾಯಿ ಅವನ ತಮ್ಮನ ಮಗನಿಗೆ ಮಗಳನ್ನು ಕೊಡಲು ಒಪ್ಪಿದ್ದಳು. ಮನೆ ಒಡೆದರೆ ಹೊಸ ಸೊಸೆಯ ಕಾಲ್ಗುಣವೇ ಕೆಟ್ಟದ್ದು ಅನ್ನುವ ಲೋಕ ಅವಳಿಗೆ ಗೊತ್ತಿತ್ತು.

ಒಳಗಿನಿಂದ ಮಗಳು ಸೃಷ್ಟಿ ಅಂದಳು: "ಸಾವಿರದ ಒಂದು ಏಳರಾಗ ಬರೋಬ್ಬರಿ ಭಾಗ ಆಗ್ತದ್ರಿ. ಒಬ್ಬೊಬ್ಬರಿಗೆ ನೂರಾ ನಲವತ್ಮೂರು."

"ಇನ್ನೂ ಅಕ್ಕಿಕಾಳು ಬಿದ್ದಿಲ್ಲ, ಆಗಲೇ ಮನಿ ಒಡಿಯೋ ಮಾತು!" ದೊಡ್ಡಪ್ಪ ಗುರುಗುಟ್ಟಿದ.

"ನಾ ಎಲ್ಲಿ ಒಡದೇನ್ರಿ? ನಿಮ್ಮ ಲೆಕ್ಕಾನೇ ಒಡದದ."

"ಬಾಯಿ ಬಾಳ ಅದ ಬೇ ನಿಂದು. ಹಂಗಾರ ಒಡೀಲಾರದ್ದು ನೀನೇ ಹೇಳು. ತಪ್ಪಿದ್ರ ಸಂಬಂಧ ಸಾಕು."

"ಸಾವಿರದ ಒಂಬತ್ತು. ಎರಡರಿಂದ ಹಿಡದು ಮೂವತ್ತೊಂದರ ತನಕ ಭಾಗ ಹಾಕಿ ನೋಡ್ರಿ, ಪ್ರತಿ ಸಲ ಉಳೀತದ. ಮುಂದ ನೋಡೂ ಜರೂರತ್ತಿಲ್ಲ. ದೊಡ್ಡದೊಂದು ಭಾಗಿಸಿದ್ರ ಅದರ ಜೋಡಿ ಸಣ್ಣದಿರಬೇಕು, ಅದು ಮೊದಲೇ ಸಿಕ್ಕಿರ್ತಿತ್ತು."

ದೊಡ್ಡಪ್ಪ ಫೋನಿನಲ್ಲಿ ಭಾಗಿಸಿ ಭಾಗಿಸಿ ಸೋತ. "ಆತು, ಅಷ್ಟೇ ತರ್ರಿ," ಎಂದು ಎದ್ದುಹೋದ.

ಓಣಿಯ ಹೆಂಗಸರೆಲ್ಲ ಸೇರಿ ಬಡಿದ ಖಡಕ್ ರೊಟ್ಟಿಯನ್ನು ಜೀಪಿಗೆ ಹೇರಿಕೊಂಡು ಕಸ್ತೂರಿಬಾಯಿ ತಾನೇ ಜೇವರ್ಗಿಗೆ ಹೋದಳು. ದೊಡ್ಡಪ್ಪನ ಹೆಂಡತಿ ತುಳಜಾಬಾಯಿ ಸೆರಗು ಸಿಕ್ಕಿಸಿಕೊಂಡಳು.

"ಎಣಿಸೇ ಇಳಿಸ್ಕೊತೀವಿ. ಹಿರೋಳ್ಳಿ ಮಂದಿ ಕೈ ಗಿಡ್ಡಂತ."

ಉಳಿದ ಆರು ತಮ್ಮಂದಿರ ಹೆಂಡಂದಿರು, ಅವಳ ನೆಗೆಣ್ಣಿಯರು, ಸುತ್ತ ಕೂತರು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ರೂಢಿಯ ಕೈಗಳು ರೊಟ್ಟಿಯನ್ನು ಒಂದೊಂದಾಗಿ ಹಂಚುತ್ತ ಹೋದವು. ಏಳು ಗುಡ್ಡೆಗಳು ಸಮನಾಗಿ ಎದ್ದವು. ಕಸ್ತೂರಿಬಾಯಿ ಕಣ್ಣು ಕಿರಿದು ಮಾಡಿದಳು. ಕೊನೆಗೆ ಒಂದು ರೊಟ್ಟಿ ತುಳಜಾಬಾಯಿಯ ಕೈಯಲ್ಲೇ ಉಳಿಯಿತು. ಅವಳು ಅದನ್ನು ತನ್ನ ಮುಂದಿನ ಗುಡ್ಡೆಯ ಮೇಲಿಟ್ಟಳು.

"ಹೆಚ್ಚಿಂದೆಲ್ಲ ನಿಮ್ಮ ಒಲಿಗೇ ಯಾಕ್ರಿ?" ಕಿರಿಯ ನೆಗೆಣ್ಣಿ ಕೈ ಹಾಕಿದಳು.

"ಹಿರೇಕಿ ನಾನು."

"ಹಿರೇತನ ನಿಮ್ಮ ಅಡಗಿಮನ್ಯಾಗ ಇಟ್ಕೋರಿ. ನಮ್ಮ ಒಲಿ ಬ್ಯಾರೆ ಆಗಿ ವರ್ಷಾತು."

"ನಿನ್ನ ಒಲಿಗಿಷ್ಟು ಮಣ್ಣು ಹಾಕ್ಲಿ!"

"ಬಾಯಿ ಮುಚ್ರೇ!" ದೊಡ್ಡಪ್ಪ ಪಡಸಾಲೆಯಿಂದ ಓಡಿಬಂದ. ಆದರೆ ಆಡಿದ ಮಾತು ಆಡಿ ಆಗಿತ್ತು.

ಕಸ್ತೂರಿಬಾಯಿ ಎದ್ದು ನಿಂತಳು. "ಏಳು ಒಲಿ ಅವ ಅಂತ ಮೊದಲೇ ಹೇಳಿದ್ರ ಕೊಡ್ತಿದ್ದೆ, ಬೀಗರ. ಲೋಕದಾಗ ಯಾರ ಮನಿ ಒಡದಿಲ್ಲ? ನೀವು ಮುಚ್ಚಿಟ್ರಿ. ನಾಳೆ ಊರಿಗೆ ಗೊತ್ತಾದಾಗ, ನನ್ನ ಮಗಳು ಬಂದು ಒಡದ್ಲು ಅಂತಿದ್ರಿ."

"ಒಂದು ರೊಟ್ಟಿ ಸಲುವಾಗಿ ಲಗ್ನ ಮುರೀತೀರೇನು?"

"ರೊಟ್ಟಿ ಉಣ್ರಿ, ಪಾಪ, ಹೆಣ್ಮಕ್ಕಳು ಬಡದಾರ," ಅಂದವಳೇ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಹಾಕಿ ಜೀಪಿಗೆ ಎಸೆದಳು. "ಮಗಳನ್ನ ಕೊಡಂಗಿಲ್ಲ."