ಮಾಸ್ತರ್ ನೋಡಿದ ಧಾರಾವಾಹಿ

ಆ ಬೀದಿಯಲ್ಲಿ ಅವನಷ್ಟು ಮೆತ್ತಗೆ ಮಾತಾಡುವ ಗಂಡಸು ಇನ್ನೊಬ್ಬನಿರಲಿಲ್ಲ. ಟೇಲರ್ ಅಂಗಡಿ ಇಟ್ಟುಕೊಂಡಿದ್ದ ಅವನನ್ನು ಎಲ್ಲರೂ ಮಾಸ್ತರ್ ಎಂದೇ ಕರೆಯುತ್ತಿದ್ದರು. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತಿದವನಲ್ಲ. ಅವಳು ಹಾಕಿದ ಹೊಲಿಗೆಯನ್ನು ಗಿರಾಕಿಗಳ ಎದುರಿಗೇ ಬ್ಲೇಡಿನಿಂದ ಬಿಚ್ಚುತ್ತಾ, "ಬಿಡಿ, ಪಾಪ, ಅವಳ ಕೈಲಿ ಇಷ್ಟಾದ್ರೂ ಆಯ್ತಲ್ಲ" ಎಂದು ನಗುತ್ತಿದ್ದ, ಅಷ್ಟೇ. ಬಾಳೆಹಣ್ಣಿಗೆ ಸೂಜಿ ಚುಚ್ಚಿದ ಹಾಗೆ. ಗಿರಾಕಿಗಳೂ ನಗುತ್ತಿದ್ದರು, ಎಂಥ ತಾಳ್ಮೆಯ ಗಂಡ ಎನ್ನುತ್ತಿದ್ದರು.

ಗಿರಾಕಿಗಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮಾಸ್ತರನ ಕೈ ನಡುಗಲು ಶುರುವಾಗಿ ವರ್ಷಗಳೇ ಆಗಿದ್ದವು. ಅವನು ಸೀಮೆಸುಣ್ಣದಲ್ಲಿ ಎಳೆದ ಗೆರೆ ಸೊಟ್ಟಸೊಟ್ಟ ಹೋಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಬಟ್ಟೆ ಹಾಸಿ, ಗುರುತು ಹಾಕಿ, ಕತ್ತರಿ ಆಡಿಸುತ್ತಿದ್ದವಳು ಅವಳೇ. ಒಂದು ದಿನ ಅವನು ಕತ್ತರಿ ಕೆಳಗಿಟ್ಟ, ಅವಳು ಎತ್ತಿಕೊಂಡಳು. ಆ ಬಗ್ಗೆ ಇಬ್ಬರೂ ತುಟಿ ಬಿಚ್ಚಿದ್ದಿಲ್ಲ. ಬಿಚ್ಚುವ ಕೆಲಸ ಮಾತ್ರ ಅವನದಾಗಿಯೇ ಉಳಿಯಿತು. ಅದಕ್ಕೆ ನಡುಗುವ ಕೈಯೂ ಸಾಕು.

ಹೀಗಿರುವಾಗ, ಅವನು ಬಿಚ್ಚುವ ಹೊಲಿಗೆಯಲ್ಲಿ ತಪ್ಪೇನೂ ಕಾಣದಿದ್ದ ಗಿರಾಕಿಯೊಬ್ಬರು, ಹೊಲಿಗೆ ತರಬೇತಿ ಕೇಂದ್ರದ ಮೇಡಂ, "ನಮ್ಮ ಹುಡುಗಿಯರಿಗೆ ಕಲಿಸೋಕೆ ಬರ್ತೀರಾ?" ಎಂದು ಅವಳನ್ನು ಕೇಳಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು. ಹೊಟ್ಟೆ ಹಸಿದವರಿಗೆ ಊಟ ಬೇಕಾದಂತೆ ಆ ಕೆಲಸ ಅವಳಿಗೆ ಬೇಕಿತ್ತು. ತಾನು ಹಾಕಿದ ಹೊಲಿಗೆಯನ್ನು ಯಾರೂ ಬಿಚ್ಚದ ಒಂದು ಕೋಣೆ! ಆದರೆ ಗಂಡನ ಬಾಯಿಂದ 'ಪಾಪ' ಎಂಬ ಮಾತು ಬಿದ್ದರೆ ಮುಗಿಯಿತು, ತನಗೆ ತನ್ನ ಮೇಲಿದ್ದ ನಂಬಿಕೆಯೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ದಾರಿ ತೋರಿಸಿದವಳು ನಾದಿನಿ. "ಅತ್ತಿಗೆ, ಹೊಸ ಧಾರಾವಾಹಿ ಒಂದು ಬರ್ತಿದೆ, ನೋಡಿ. ನಿಮ್ಮನೇನೇ ಎತ್ತಿ ಟೀವಿಯೊಳಗೆ ಇಟ್ಟ ಹಾಗಿದೆ" ಎಂದಳು. ಅದರಲ್ಲೊಬ್ಬ ಗುಮಾಸ್ತ ಗಂಡ. ತಟ್ಟೆಗೆ ಕೈ ಹಾಕಿದವನೇ, "ಉಪ್ಪಿಲ್ಲ. ಪರವಾಗಿಲ್ಲ ಬಿಡು, ಪಾಪ, ನಿನಗೆಲ್ಲಿ ನೆನಪಿರುತ್ತೆ" ಎಂದ. ಇವಳು ಟೀವಿಯ ದನಿ ಏರಿಸಿದಳು. ಇದನ್ನು ತನ್ನ ಗಂಡನಿಗೆ ತೋರಿಸಬೇಕು, ಕನ್ನಡಿ ಹಿಡಿದರೆ ಮುಖ ಕಾಣದೆ ಇರುತ್ತದೆಯೇ ಎಂದುಕೊಂಡಳು.

ಮಾಸ್ತರ್ ನೋಡಿದ. ಒಂದೇ ವಾರದಲ್ಲಿ ಅದಕ್ಕೆ ಅಂಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯ ಕಳ್ಳ. ಈತ ಹೆಗಲ ಮೇಲಿನ ಅಳತೆ ಟೇಪು ಸರಿಮಾಡಿಕೊಂಡು, "ಥೂ, ಇಂಥವನೂ ಒಬ್ಬ ಗಂಡನಾ!" ಎಂದು ಕಣ್ಣೊರೆಸಿಕೊಂಡ. ಅಂಗಡಿಯಲ್ಲಿ ಉಪದೇಶ ಬೇರೆ.

"ಬೇರೆ ಧಾರಾವಾಹಿಗಳಲ್ಲಿ ಅತ್ತೆ ಹಾಲಿಗೆ ವಿಷ ಹಾಕ್ತಾಳೆ, ಢಂ ಅಂತ ಗುಡುಗುತ್ತೆ, ಒಂದೇ ಮುಖಾನ ಮೂರು ಸಲ ತೋರಿಸ್ತಾರೆ. ಅದನ್ನ ನೋಡಿ ಯಾರಿಗೆ ಬುದ್ಧಿ ಬರುತ್ತೆ? ಇದು ಹಾಗಲ್ಲ. ಮನೆಯೊಳಗಿನ ಮಾತು, ಇದ್ದದ್ದು ಇದ್ದ ಹಾಗೆ. ಗಂಡಸರೇ ನೋಡಬೇಕು ಇದನ್ನ."

ಹೇಳುತ್ತಲೇ ಅವಳು ಅಂಗಿಗೆ ಮಾಡಿದ ಗುಂಡಿಮನೆಯೊಂದನ್ನು ಬಿಚ್ಚುತ್ತಿದ್ದ.

ಕೊನೆಗೆ ಧಾರಾವಾಹಿಯ ಹೆಂಡತಿ ಒಂದು ಕೈಚೀಲ ಹಿಡಿದು ಕೆಲಸ ಹುಡುಕಿ ಹೊರಟ ಸಂಜೆ ಬಂತು. ಮಾಸ್ತರ್ ಬಿಕ್ಕಿದ. ಇದೇ ಸಮಯ ಎಂದು ಅವಳು, "ರೀ, ಕೇಂದ್ರದ ಮೇಡಂ ಕಲಿಸೋಕೆ ಬನ್ನಿ ಅಂತಿದ್ದಾರೆ. ಹೋಗ್ಲಾ?" ಎಂದು ಕೇಳಿದಳು.

ಅವನು ಅವಳ ತಲೆ ಸವರಿದ.

"ನನಗೆ ಗೊತ್ತು ಕಣೇ. ನಿನ್ನನ್ನ ಕಳಿಸ್ತೀರಾ ಅಂತ ಅವರು ನನ್ನನ್ನೂ ಕೇಳಿದ್ರು. ಆಗಲ್ಲ ಅಂತ ನಾನೇ ಹೇಳಿಬಿಟ್ಟೆ. ಹತ್ತು ಜನರ ಮುಂದೆ ನೀನು ತಪ್ಪು ಮಾಡಿ ನಿಂತ್ರೆ ನನಗೆ ನೋಡೋಕಾಗುತ್ತಾ?" ಟೀವಿಯ ಕಡೆ ಕೈ ತೋರಿಸಿದ. "ಅವಳು ಹೋಗಬಹುದು, ಅವಳ ಕೈಯಲ್ಲಿ ಕಸುಬಿದೆ. ನಿನ್ನ ಕೈಯಲ್ಲಿ ಏನಿದೆ, ಪಾಪ?"

ಅವಳು ತನ್ನ ಕೈ ನೋಡಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಆದ ಗಂಟು ಇತ್ತು. ಆ ಕ್ಷಣ ಅವಳಿಗೆ ಅಳು ಬರಲಿಲ್ಲ. ಗಂಡ ಎಂಬ ಪ್ರಾಣಿಯ ಮೇಲೆ ಇದ್ದಬದ್ದ ಕನಿಕರವೆಲ್ಲ ಸತ್ತುಹೋಯಿತು.

ಮಾರನೆಯ ದಿನ ಮೇಡಂ ತಮ್ಮ ಕೋಟು ಒಯ್ಯಲು ಬಂದರು. ಇನ್ನೂ ನಾಲ್ಕಾರು ಗಿರಾಕಿಗಳಿದ್ದರು. ಮಾಸ್ತರ್ ಕೋಟಿನ ಅಂಚು ತಿರುಗಿಸಿ, ಬ್ಲೇಡು ತೆಗೆದು, "ಬಿಡಿ, ಪಾಪ..." ಎಂದು ಶುರುಮಾಡಿದ.

ಅವಳು ಹಿಂದಿನ ಕೋಣೆಯಿಂದ ಬಂದು ಬ್ಲೇಡನ್ನು ಅವನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡಳು. ಅವನದೇ ದನಿಯಲ್ಲಿ, ಅವನದೇ ನಗುವಿನಲ್ಲಿ ಮಾತಾಡಿದಳು.

"ಕೊಡಿ ಇಲ್ಲಿ, ಕುಯ್ದುಕೊಂಡೀರಿ. ಬೇಜಾರು ಮಾಡ್ಕೋಬೇಡಿ ಮೇಡಂ. ಪಾಪ, ಇವರ ಕೈ ನಡುಗುತ್ತೆ. ಎಷ್ಟೋ ವರ್ಷದಿಂದ ಕಟಿಂಗ್ ಎಲ್ಲಾ ನಾನೇ. ಬಿಚ್ಚೋದೊಂದು ಇವರಿಗೆ ಬಿಟ್ಟಿದ್ದೀನಿ. ಏನೋ, ಇಷ್ಟಾದ್ರೂ ಮಾಡ್ತಾರಲ್ಲ."

ಎಲ್ಲರ ಕಣ್ಣೂ ಅವನ ಕೈಯ ಮೇಲೆ ಬಿತ್ತು. ಬಿದ್ದ ಮೇಲೆ ಅದು ಇನ್ನೂ ಜೋರಾಗಿ ನಡುಗಿತು. ಯಾರೋ ಲೊಚಗುಟ್ಟಿದರು. ಅವನು ಕೈಯನ್ನು ಜೇಬಿಗೆ ತುರುಕಲು ಹೋದ, ಜೇಬು ಸಿಗಲಿಲ್ಲ. ಅವಳಿಗೆ ಆದ ಖುಷಿ ಎಷ್ಟೆಂದರೆ, ಅವಳಿಗೇ ಹೆದರಿಕೆಯಾಯಿತು. ಇಷ್ಟು ರುಚಿಯಾದದ್ದನ್ನು ಇವನು ಇಷ್ಟು ವರ್ಷ ಒಬ್ಬನೇ ತಿಂದನಲ್ಲ ಎನಿಸಿತು.

"ಸೋಮವಾರದಿಂದ ಬರ್ತೀರಾ?" ಎಂದರು ಮೇಡಂ, ಅವಳನ್ನೇ ನೋಡಿ.

"ಬರ್ತೀನಿ" ಎಂದಳು.

ಸಂಜೆ ಮಾಸ್ತರ್ ಟೀವಿ ಹಾಕದೆ ಕೂತಿದ್ದ. ಅವಳೇ ಹಾಕಿದಳು. ಕಾಫಿ ತಂದು, ಲೋಟ ಅವನ ಕೈಗೆ ಕೊಡದೆ ತುಟಿಯ ಹತ್ತಿರ ಹಿಡಿದಳು.

"ಚೆಲ್ಲಿಕೊಂಡೀರಿ, ಪಾಪ."

ಪರದೆಯ ಮೇಲೆ ಗುಮಾಸ್ತ ಒಬ್ಬನೇ ಊಟಕ್ಕೆ ಕೂತಿದ್ದ. ಮಾಸ್ತರನಿಗೆ ಈ ಸಲ ಕಣ್ಣೀರು ಬರಲಿಲ್ಲ. ಅವನು ಗುಮಾಸ್ತನನ್ನು ನೋಡಿದ, ಲೋಟ ಹಿಡಿದ ಕೈಯನ್ನು ನೋಡಿದ, ನಿಧಾನವಾಗಿ ಹೆಂಡತಿಯ ಮುಖ ನೋಡತೊಡಗಿದ.

"ನನ್ನನ್ನೇನು ನೋಡ್ತೀರಿ?" ಎಂದಳು ಅವಳು, ಬಲು ಮೆತ್ತಗೆ. "ಅಲ್ಲಿ ನೋಡಿ. ಗಂಡಸರೇ ನೋಡಬೇಕು ಅದನ್ನ."