ಅಸಾರದ ಕೆಸರು

ಮೊದಲ ಕೆಸರಿನ ಉಂಡೆ ದಿಲ್ಕುಮಾರಿಯ ಬೆನ್ನಿಗೆ ಬಡಿದ ಸದ್ದು ಕೇಳಿದ್ದೇ ಸಾನುಮಾಯಾಳ ಮುಖದಲ್ಲಿ ನಗು ಬಂದು ಕೂತಿತು. ಕೈಯಲ್ಲಿದ್ದ ಸಸಿಯ ಕಟ್ಟು ನೀರಿಗೆ ಜಾರಿತು. ನಗು ಮಾತ್ರ ಜಾರಲಿಲ್ಲ.

"ಯಾವನೋ ಅವ್ನು? ಫುರ್ಬಾ, ನೀನೇ ತಾನೆ? ಇವತ್ತು ನಿನ್ ಹೆಂಡ್ತಿ ನಿನ್ನ ಗುರುತು ಹಿಡೀಬಾರ್ದು, ಹಂಗೆ ಮಾಡ್ತೀನಿ ನೋಡು!" ದಿಲ್ಕುಮಾರಿ ಎರಡೂ ಕೈಯಲ್ಲಿ ಕೆಸರು ಬಾಚಿದಳು.

"ಹಂಗಾದ್ರೆ ನಂಗೇ ಒಳ್ಳೇದಲ್ವಾ ಅತ್ತಿಗೆ!"

ಅಸಾರ, ಅಂದರೆ ಆಷಾಢ ತಿಂಗಳ ಹದಿನೈದನೇ ದಿನದ ನಾಟಿ. ಗುಡ್ಡದೂರಿನವರೆಲ್ಲ ಮುಯ್ಯಾಳಾಗಿ ಸಾನುಮಾಯಾಳ ಸೋದರತ್ತೆ ಇಚ್ಛಾಮಾಯಾಳ ಗದ್ದೆಗೆ ಇಳಿದಿದ್ದರು. ಈ ದಿನ ಮೈಗೆ ಕೆಸರು ಹತ್ತದೆ ಯಾರೂ ಮನೆಗೆ ಹೋಗುವಂತಿಲ್ಲ.

ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಸಾನುಮಾಯಾಳನ್ನು ಗಡಿ ದಾಟಿಸಿ ಹಿಂದುಸ್ತಾನದ ಸರ್ಕಸ್ಸಿಗೆ ಕೊಟ್ಟಿದ್ದರು. ಒಯ್ದವನು ಪಕ್ಕದ ಊರಿನವನೇ. ಅಲ್ಲಿ ಮಾಲೀಕನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಹುಡುಗಿಯರ ಮೇಲೆ ನಡೆಯುವುದೆಲ್ಲ ಗೊತ್ತಿತ್ತು. ಹಗ್ಗದಿಂದ ಬಿದ್ದರೂ ನಗಬೇಕು, ಬಿದ್ದದ್ದಕ್ಕೆ ಬಾರುಕೋಲಿನ ಏಟು ತಿನ್ನುವಾಗಲೂ ನಗಬೇಕು. ಅತ್ತವಳಿಗೆ ಊಟವಿಲ್ಲ. ಬೇಡ ಎಂದವಳಿಗೆ ಉಳಿದ ಹುಡುಗಿಯರ ಕೈಯಿಂದಲೇ ಹೊಡೆಸುತ್ತಿದ್ದರು. ಬಿಡುಗಡೆಯಾಗಿ ಊರಿಗೆ ಬಂದ ಮೇಲೂ ಮುಖ ಆ ಪಾಠವನ್ನು ಮರೆತಿರಲಿಲ್ಲ.

ಹೋದ ವರ್ಷ ಇದೇ ಗದ್ದೆಯಲ್ಲಿ ಅವಳಿಗೂ ಕೆಸರು ಎರಚಿದ್ದರು. ಅವಳು ನಕ್ಕಳು. ನಗುತ್ತಾಳಲ್ಲ ಎಂದು ಇನ್ನಷ್ಟು ಎರಚಿದರು. ಸಂಜೆ ಅವಳು ಸಿಕ್ಕಿದ್ದು ಕೊಟ್ಟಿಗೆಯಲ್ಲಿ. ಎಮ್ಮೆಯ ಹೊಟ್ಟೆಗೆ ಒತ್ತಿಕೊಂಡು ನಡುಗುತ್ತಿದ್ದಳು, ಮುಖದಲ್ಲಿ ಅದೇ ನಗು. ಅಂದಿನಿಂದ ಇಚ್ಛಾಮಾಯಾ ಅವಳ ಮುಖ ನೋಡುವುದನ್ನು ಬಿಟ್ಟು ಕೈ ನೋಡುವುದನ್ನು ಕಲಿತಳು. "ಈ ಸಲ ಬರ್ದಿದ್ರೂ ಸೈ ಮಗಾ" ಅಂದಿದ್ದಳು. ಸಾನುಮಾಯಾಳೇ ಹಟ ಹಿಡಿದು ಬಂದಿದ್ದಳು. ಇವತ್ತು ಒಳಗೆ ಕೂತರೆ ಇರುವಷ್ಟು ಕಾಲವೂ ಒಳಗೇ ಕೂರಬೇಕಾದೀತು ಎಂಬ ಭಯ ಅವಳಿಗೆ.

ದಿಲ್ಕುಮಾರಿ ಕೆಸರಿನ ಮುಷ್ಟಿ ಎತ್ತಿಕೊಂಡು ಇತ್ತ ತಿರುಗಿದಳು. "ಇಲ್ಲೊಬ್ಳು ಮದುವಣಗಿತ್ತಿ ಹಂಗೆ ನಿಂತವ್ಳೆ! ನೋಡ್ರೇ, ನಗ್ತಾಳೆ, ಬಾ ಅಂತಾಳೆ!"

"ನಿಲ್ಲೇ ದಿಲ್ಲು," ಇಚ್ಛಾಮಾಯಾ ಸಾಲಿನ ಆ ತುದಿಯಿಂದ ಕೂಗಿದಳು. "ಅವ್ಳ ಹಲ್ಲು ನೋಡ್ಕೊಂಡು ಎಸೀಬೇಡ. ಬಾಯಿಬಿಟ್ಟು ಕೇಳು."

"ಅಯ್ಯ ದಿದಿ, ಅಸಾರದ ಕೆಸರಿಗೂ ಅಪ್ಪಣೆ ಕೇಳ್ತಾರಾ?"

"ಈ ಗದ್ದೇಲಿ ಕೇಳ್ತಾರೆ. ಮಧ್ಯಾಹ್ನ ಮೊಸರವಲಕ್ಕಿ ಬೇಕೋ ಬೇಡ್ವೋ ನಿಂಗೆ?"

ಎಲ್ಲರೂ ನಕ್ಕರು. ನಗುತ್ತಲೇ ಹತ್ತಿರ ಬಂದ ದಿಲ್ಕುಮಾರಿ, ಸಾನುಮಾಯಾಳ ಬೆರಳುಗಳು ಲಂಗದ ಅಂಚನ್ನು ಹಿಂಡುತ್ತಿರುವುದನ್ನು ಕಂಡು ನಿಂತಳು. ದನಿ ಇಳಿಸಿ ಕೇಳಿದಳು: "ಸಾನು, ಹಾಕ್ಲೇನೇ?"

ಹೇಳಬೇಕೆಂದಿದ್ದ ಒಂದು ಮಾತಿನ ಹಿಂದೆಯೇ ಸರ್ಕಸ್ಸಿನಲ್ಲಿ ಬರುತ್ತಿದ್ದ ಏಟಿಗೆ ಸಾನುಮಾಯಾಳ ಬೆನ್ನು ತಾನಾಗಿ ಬಿಗಿಯಿತು.

"ಬೇಡ," ಅಂದಳು.

ಬದುವಿನ ಬಳಿ ನಿಂತಿದ್ದ ಎತ್ತು ಬಾಲ ಬೀಸಿತು. ಬೇರೇನೂ ಆಗಲಿಲ್ಲ.

"ಆಯ್ತು ಬಿಡು," ಅಂದಳು ದಿಲ್ಕುಮಾರಿ. "ಮುಂದಿನ್ವರ್ಷ ಕೇಳ್ತೀನಿ. ಆಗ್ಲೂ ಬೇಡ ಅಂದ್ರೆ ಅದರ ಮುಂದಿನ್ವರ್ಷ."

ಅವಳು ಬೆರಳು ಬಿಡಿಸಿದಳು. ಕೆಸರು ನೀರಿಗೆ ಜಾರಿ, ಕದಡಿ, ಗದ್ದೆಯೊಳಗೆ ಗದ್ದೆಯಾಯಿತು. ಸಾನುಮಾಯಾಳ ನಗು ಮೆಲ್ಲಗೆ ಮುಖದಿಂದ ಇಳಿದುಹೋಯಿತು. ಅವಳು ಬಗ್ಗಿ, ತೇಲಿ ಹೋಗುತ್ತಿದ್ದ ಸಸಿಯ ಕಟ್ಟನ್ನು ಹಿಡಿದು, ಸಾಲಿನಲ್ಲಿ ತನಗೆಂದು ಬಿಟ್ಟಿದ್ದ ಜಾಗದಲ್ಲಿ ಊರತೊಡಗಿದಳು.